ಕೀಪ್ಯಾಡ್ ಫೋನ್ ಸೋತಿದ್ದೇಕೆ, ಟಚ್ ಗೆದ್ದಿದ್ದೇಕೆ? ಡ್ರಾಯರ್‌ನಲ್ಲಿರೋ ಹಳೇ ಬ್ಲ್ಯಾಕ್‌ಬೆರಿ, ನೋಕಿಯಾ ಎಸೆಯೋ ಮೊದಲು ಇದನ್ನ ಓದಿ

ಬಸ್ ಸ್ಟ್ಯಾಂಡ್ ಅಕ್ಕಪಕ್ಕದ ಯಾವ ಮೊಬೈಲ್ ರಿಪೇರಿ ಅಂಗಡಿಗೆ ಹೋದರೂ ಕೌಂಟರ್ ಕೆಳಗೆ ಹಳೇ ಸೆಟ್‌ಗಳ ಒಂದು ಡಬ್ಬ ಇದ್ದೇ ಇರುತ್ತೆ. ಮನೆಗಳಲ್ಲೂ ಅಷ್ಟೇ, ಕರೆಂಟ್ ಬಿಲ್ಲು, ರಬ್ಬರ್ ಬ್ಯಾಂಡ್ ಇಡೋ ಡ್ರಾಯರ್‌ನಲ್ಲಿ ನೋಕಿಯಾ ಇ63 ಅಥವಾ ಬ್ಲ್ಯಾಕ್‌ಬೆರಿ ಕರ್ವ್ ಒಂದು ಮಲಗಿರುತ್ತೆ. ಅದರೊಳಗೆ ತೀರಿಹೋದ ಅಪ್ಪನ ಫೋಟೋ ಇರಬಹುದು, ಹಳೇ ಗಿರಾಕಿಗಳ ನಂಬರ್ ಇರಬಹುದು. ಅದನ್ನ ಹೊರಗೆ ತೆಗೆಯೋದು ಹೇಗೆ ಅನ್ನೋದಕ್ಕೆ ಮೊದಲು, ಒಂದು ಕಾಲದಲ್ಲಿ ಜೇಬಲ್ಲಿದ್ದರೆ ಗತ್ತು ಅನ್ನಿಸ್ತಿದ್ದ ಆ ಫೋನುಗಳು ಐದಾರು ವರ್ಷದಲ್ಲೇ ಮೂಲೆಗೆ ಬಿದ್ದಿದ್ದು ಯಾಕೆ ಅಂತ ನೋಡೋಣ.

ಕೆನಡಾದ ಕೀಲಿ, ಅಮೆರಿಕದ ಗಾಜು

ಬ್ಲ್ಯಾಕ್‌ಬೆರಿ ಕೆನಡಾದ ವಾಟರ್ಲೂ ಊರಿನ ರಿಸರ್ಚ್ ಇನ್ ಮೋಷನ್ ಕಂಪನಿಯದ್ದು. 1999ರಲ್ಲಿ ಪೇಜರ್ ರೂಪದಲ್ಲಿ ಶುರುವಾಗಿ, 2004ರಲ್ಲಿ ಏರ್‌ಟೆಲ್ ಮೂಲಕ ಭಾರತಕ್ಕೆ ಬಂತು. ಅದರ ಅಸಲಿ ಶಕ್ತಿ ಇದ್ದಿದ್ದು ಆ ಪುಟ್ಟ ಕೀಬೋರ್ಡ್‌ನಲ್ಲಿ. ಪ್ರತಿ ಕೀಲಿಗೂ ಸ್ವಲ್ಪ ಉಬ್ಬು, ಸ್ವಲ್ಪ ಓರೆ ಇರ್ತಿತ್ತು. ಹಾಗಾಗಿ ಎರಡು ಹೆಬ್ಬೆರಳಿಗೆ ಜಾಗ ಗೊತ್ತಾಗಿಬಿಡ್ತಿತ್ತು. ಪರದೆ ನೋಡದೇ, ಎದುರಿಗೆ ಕೂತವರ ಹತ್ರ ಮಾತಾಡ್ತಾನೇ ಇಮೇಲ್ ಬರೆಯೋರು ಇದ್ರು.

2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದಾಗ ಇದೇ ಕೀಬೋರ್ಡ್ ಮೇಲೆ ಕೈ ಇಟ್ಟರು. ಬೇಕಿರಲಿ ಬೇಡದಿರಲಿ ಆ ಪ್ಲಾಸ್ಟಿಕ್ ಕೀಲಿಗಳು ಸದಾ ಅಲ್ಲೇ ಕೂತಿರ್ತವೆ, ನಾಳೆ ಹೊಸ ಐಡಿಯಾ ಬಂದರೂ ಅದಕ್ಕೊಂದು ಬಟನ್ ಸೇರಿಸೋಕೆ ಆಗಲ್ಲ ಅನ್ನೋದು ಅವರ ವಾದ. ವಾದ ಸರಿಯಾಗೇ ಇತ್ತು. ಆದರೆ ಆ ಮೊದಲ ಐಫೋನ್‌ನಲ್ಲಿ 3ಜಿ ಇರಲಿಲ್ಲ, ಕಾಪಿ-ಪೇಸ್ಟ್ ಇರಲಿಲ್ಲ, ಹೊರಗಿನ ಆ್ಯಪ್ ಹಾಕೋ ಹಾಗೂ ಇರಲಿಲ್ಲ. ಭಾರತಕ್ಕೆ ಐಫೋನ್ 3ಜಿ ಬಂದಿದ್ದು 2008ರ ಆಗಸ್ಟ್‌ನಲ್ಲಿ, 8 ಜಿಬಿ ಸೆಟ್‌ಗೆ 31,000 ರೂಪಾಯಿ. ಆಗಿನ ಕಾಲಕ್ಕೆ ಆ ದುಡ್ಡನ್ನ ಫೋನಿಗೆ ಹಾಕೋರು ತೀರಾ ಕಡಿಮೆ.

ಟಚ್‌ನಲ್ಲೂ ಎರಡು ಜಾತಿ

ಟಚ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಇಲ್ಲಿ ಬಹಳ ಜನ ಮೊದಲು ಮುಟ್ಟಿದ ಟಚ್ ಫೋನ್ ಐಫೋನ್ ಅಲ್ಲ, ನೋಕಿಯಾ 5233. ಅದು 2010ರ ಸುಮಾರಿಗೆ ಬಂದಿದ್ದು, 3.2 ಇಂಚಿನ ಪರದೆ. ಅದರಲ್ಲಿದ್ದಿದ್ದು ರೆಸಿಸ್ಟಿವ್ ಟಚ್. ಅಂದರೆ ಒಂದರ ಮೇಲೊಂದು ಎರಡು ತೆಳು ಪದರ, ನಡುವೆ ಕೂದಲೆಳೆ ಅಂತರ. ಒತ್ತಿದಾಗ ಮೇಲಿನದ್ದು ಕೆಳಗಿನದ್ದಕ್ಕೆ ತಾಗಬೇಕು, ಆಗಲೇ ಫೋನಿಗೆ ಗೊತ್ತಾಗೋದು. ಉಗುರು, ಪೆನ್ನಿನ ಕ್ಯಾಪ್, ಯಾವುದರಿಂದ ಒತ್ತಿದರೂ ನಡೀತಿತ್ತು. ಅದರ ಅಣ್ಣ 5800 ಸೆಟ್ಟಿನ ಜೊತೆ ಗಿಟಾರ್ ಮೀಟೋ ಬಿಲ್ಲೆ ಥರದ್ದೊಂದನ್ನ ಕಂಪನಿಯೇ ಕೊಡ್ತಿತ್ತು. ಆದರೆ ಒತ್ತಿ ಒತ್ತಿ ಬೆರಳು ನೋಯೋದು. ಎರಡು ಬೆರಳಿಂದ ಫೋಟೋ ಹಿಗ್ಗಿಸೋದು ಅದರಲ್ಲಿ ಆಗದ ಮಾತು.

ಐಫೋನ್‌ನದ್ದು ಕೆಪಾಸಿಟಿವ್ ಟಚ್. ಗಾಜಿನ ಕೆಳಗೆ ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತೆ. ನಮ್ಮ ಮೈ ವಿದ್ಯುತ್ತನ್ನ ಹರಿಯಬಿಡೋದರಿಂದ, ಬೆರಳು ತಾಗಿದ ಕಡೆ ಆ ಕ್ಷೇತ್ರ ಬದಲಾಗುತ್ತೆ. ಒತ್ತೋ ಕೆಲಸವೇ ಇಲ್ಲ, ಸವರಿದರೆ ಸಾಕು. ಅದಕ್ಕೇ ಪೆನ್ನಿನ ಕ್ಯಾಪ್‌ಗೆ ಅದು ಸ್ಪಂದಿಸಲ್ಲ. ಹೋಟೆಲ್ ಕೌಂಟರ್‌ನಲ್ಲಿ ಒದ್ದೆ ಕೈಯಲ್ಲಿ ಮುಟ್ಟಿದರೆ ಈಗಲೂ ಎಲ್ಲೆಲ್ಲೋ ಹೋಗೋದು ಇದೇ ಕಾರಣಕ್ಕೆ, ನೀರೂ ಬೆರಳಿನ ಹಾಗೇ ಆ ಕ್ಷೇತ್ರವನ್ನ ಕೆಡಿಸುತ್ತೆ.

ಗಾಜಿನ ಮೇಲೆ ಟೈಪ್ ಮಾಡೋರಿಗೆ ಕೀಲಿಯ ಉಬ್ಬು ಸಿಗಲ್ಲವಲ್ಲ, ಅದಕ್ಕೆ ಐಫೋನ್ ಒಂದು ಉಪಾಯ ಮಾಡಿತ್ತು. ಮುಂದೆ ಯಾವ ಅಕ್ಷರ ಬರಬಹುದು ಅಂತ ಊಹಿಸಿ, ಆ ಅಕ್ಷರ ತಾಗುವ ಜಾಗವನ್ನ ಒಳಗೊಳಗೇ ದೊಡ್ಡದು ಮಾಡ್ತಿತ್ತು. ಕಣ್ಣಿಗೆ ಎಲ್ಲಾ ಕೀಲಿ ಒಂದೇ ಅಳತೆ. ಬೆರಳು ಸ್ವಲ್ಪ ಜಾರಿದರೂ ಸರಿಯಾದ ಅಕ್ಷರವೇ ಬೀಳ್ತಿತ್ತು.

ಬ್ಲ್ಯಾಕ್‌ಬೆರಿಯವರೂ ಕೈಕಟ್ಟಿ ಕೂರಲಿಲ್ಲ. 2008ರ ಕೊನೆಗೆ ಸ್ಟಾರ್ಮ್ ಅಂತ ಟಚ್ ಫೋನ್ ಬಿಟ್ಟರು. ಕೀಲಿ ಒತ್ತಿದ ಅನುಭವ ಬರಲಿ ಅಂತ ಇಡೀ ಪರದೆಯನ್ನೇ ಒಂದು ದೊಡ್ಡ ಬಟನ್ ಮಾಡಿ, ಪ್ರತಿ ಅಕ್ಷರಕ್ಕೂ ಪರದೆ ಕಟಕ್ ಅಂತ ಒಳಗೆ ಹೋಗೋ ಹಾಗೆ ಮಾಡಿದ್ದರು. ಎರಡೂ ದೋಣಿಯ ಮೇಲೆ ಕಾಲಿಟ್ಟ ಹಾಗಾಯ್ತು. ಟೈಪಿಂಗ್ ನಿಧಾನ, ವೈಫೈ ಇಲ್ಲ. ಜನ ಮೆಚ್ಚಲಿಲ್ಲ.

ಭಾರತದಲ್ಲಿ ಕೀಪ್ಯಾಡ್ ಸ್ವಲ್ಪ ಹೆಚ್ಚು ಕಾಲ ಬಾಳಿದ್ದಕ್ಕೆ ಕಾರಣ

ಇದಕ್ಕೆ ನೆಟ್‌ವರ್ಕ್ ಕಾರಣ. ಖಾಸಗಿ ಕಂಪನಿಗಳ 3ಜಿ ಇಲ್ಲಿ ಶುರುವಾಗಿದ್ದು 2010ರ ಕೊನೆ, 2011ರ ಹೊತ್ತಿಗೆ. ತಾಲ್ಲೂಕು ಮಟ್ಟಕ್ಕೆ ಬರೋದು ಇನ್ನೂ ತಡ. 2ಜಿ ನೆಟ್‌ನಲ್ಲಿ ವಿಡಿಯೋ ನೋಡೋಕೇ ಆಗಲ್ಲ ಅಂದಮೇಲೆ ದೊಡ್ಡ ಪರದೆ ಕಟ್ಟಿಕೊಂಡು ಏನು ಮಾಡೋದು? ಮೆಸೇಜು, ಮೇಲು, ಚಾಟು ಇಷ್ಟೇ ಕೆಲಸ ಆಗಿದ್ದಾಗ ಕೀಬೋರ್ಡ್ ಫೋನೇ ವಾಸಿ. 2009ರಲ್ಲಿ ಬಂದ ಕರ್ವ್ 8520ರಲ್ಲಿ 3ಜಿ ಇರಲಿಲ್ಲ, ಪರದೆ ಎರಡೂವರೆ ಇಂಚೂ ಇರಲಿಲ್ಲ, ಆದರೂ ಕಾಲೇಜು ಹುಡುಗರು ಬಿಬಿಎಂ ಚಾಟ್‌ಗೋಸ್ಕರ ಅದನ್ನೇ ಕೊಂಡರು. ಅಷ್ಟು ದುಡ್ಡು ಇಲ್ಲದೋರಿಗೆ ನೋಕಿಯಾ ಸಿ3, ಮೈಕ್ರೋಮ್ಯಾಕ್ಸ್‌ನ ಕ್ಯೂ ಸರಣಿ ಇತ್ತು. ಬ್ಯಾಟರಿ ವಿಷಯದಲ್ಲಂತೂ ಟಚ್ ಫೋನು ಇವುಗಳ ಹತ್ರ ಸುಳಿಯೋ ಹಾಗಿರಲಿಲ್ಲ.

ಬ್ಲ್ಯಾಕ್‌ಬೆರಿಗೆ ಇನ್ನೊಂದು ತೊಡಕಿತ್ತು. ಅದರ ಮೇಲು, ಚಾಟು ಎಲ್ಲಾ ಕಂಪನಿಯ ಸರ್ವರ್ ಮೂಲಕವೇ ಹೋಗಬೇಕು. 2010ರಲ್ಲಿ ಆ ಮೆಸೇಜುಗಳನ್ನ ನೋಡೋ ಅವಕಾಶ ಕೊಡಿ ಅಂತ ಕೇಂದ್ರ ಸರ್ಕಾರ ಗಡುವು ಹಾಕಿತ್ತು. 2011ರ ಅಕ್ಟೋಬರ್‌ನಲ್ಲಿ ಆ ಸರ್ವರ್ ಕೈಕೊಟ್ಟಾಗ ಭಾರತವೂ ಸೇರಿ ಹಲವು ದೇಶಗಳಲ್ಲಿ ಮೂರು ದಿನ ಮೇಲೂ ಇಲ್ಲ, ಚಾಟೂ ಇಲ್ಲ.

ಕನ್ನಡದ ಲೆಕ್ಕ ಬೇರೆಯೇ

ಇಂಗ್ಲಿಷ್ ಬರೆಯೋರಿಗೆ ಕೀಬೋರ್ಡ್ ಹೋಗಿದ್ದು ನಷ್ಟ ಅನ್ನಿಸಿರಬಹುದು, ಕನ್ನಡಕ್ಕೆ ಮಾತ್ರ ಅದು ಲಾಭವೇ. ಇಂಗ್ಲಿಷ್‌ಗೆ 26 ಅಕ್ಷರ, ಕೀಲಿಯೂ 26. ಕನ್ನಡಕ್ಕೆ 49 ಅಕ್ಷರ, ಅದರ ಮೇಲೆ ಗುಣಿತ, ಒತ್ತಕ್ಷರ. ಕಂಪ್ಯೂಟರ್‌ನಲ್ಲಿ ನುಡಿ ಬಳಸೋರಿಗೆ ಇದು ಗೊತ್ತು: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಡಿಟಿಪಿ ಅಂಗಡಿಯವರಿಗೆ ಇದು ಅಂಗೈ ಗೆರೆ. ಅಡಕೆ ವ್ಯಾಪಾರಿ, ದಿನಸಿ ಅಂಗಡಿಯವರು ಇದನ್ನ ಕಲಿತು ಮೆಸೇಜ್ ಮಾಡ್ತಾರಾ?

ಫ್ರೆಂಚ್, ಜರ್ಮನ್ ಭಾಷೆಗೆ ಕಂಪನಿಗಳು ಬೇರೆ ಕೀಬೋರ್ಡ್ ಅಚ್ಚು ಹಾಕಿ ಮಾರ್ತಿದ್ವು. ಕನ್ನಡದ ಮೇಲೆ ಅಂಥ ಖರ್ಚು ಮಾಡೋರು ಯಾರು? ಜೊತೆಗೆ ಆಗಿನ ಬಹಳಷ್ಟು ಫೋನುಗಳಲ್ಲಿ ಯಾರಾದರೂ ಕನ್ನಡದಲ್ಲಿ ಕಳಿಸಿದರೂ ಕಾಣ್ತಿದ್ದಿದ್ದು ಸಾಲು ಸಾಲು ಚೌಕ ಡಬ್ಬಿ. ಹಾಗಾಗಿ ‘ಊಟ ಆಯ್ತಾ’ ಅನ್ನೋದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಿದ್ದಾಯ್ತು. ಆ ಚಾಳಿ ಇನ್ನೂ ಹೋಗಿಲ್ಲ.

ಗಾಜಿನ ಮೇಲಿನ ಕೀಲಿ ಹಾಗಲ್ಲ, ಅದು ಬರೀ ಚಿತ್ರ. ಬೇಕಾದಾಗ ಇಂಗ್ಲಿಷ್, ಒಂದು ಸಲ ಮುಟ್ಟಿದರೆ ಕನ್ನಡ. ‘ಕ’ ಒತ್ತಿದ ತಕ್ಷಣ ಪಕ್ಕದಲ್ಲಿದ್ದ ಸ್ವರಗಳೆಲ್ಲ ಕಾ, ಕಿ, ಕೀ ಆಗಿ ಬದಲಾಗೋ ಕೀಬೋರ್ಡ್‌ಗಳು ಈಗ ಪುಕ್ಕಟೆ ಸಿಗ್ತವೆ. 2012ರಲ್ಲಿ ಬಂದ ಆ್ಯಂಡ್ರಾಯ್ಡ್ 4.1ರಲ್ಲಿ ಕನ್ನಡದ ಅಕ್ಷರರೂಪಗಳು ಸೇರಿದವು. ದೇಶದಲ್ಲಿ ಮಾರುವ ಹ್ಯಾಂಡ್‌ಸೆಟ್‌ಗಳಲ್ಲಿ 22 ಭಾಷೆಗಳನ್ನ ಓದೋಕೆ ಬರಬೇಕು ಅನ್ನೋ ಆದೇಶವನ್ನ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. ಶಾಲೆ ಮುಗಿಸದ ಅಜ್ಜಿಯೂ ಇವತ್ತು ಮೊಮ್ಮಗನ ಕನ್ನಡ ಮೆಸೇಜ್ ಓದ್ತಾರೆ ಅಂದ್ರೆ, ಪ್ಲಾಸ್ಟಿಕ್ ಕೀಲಿ ಹೋಗಿದ್ದರಲ್ಲಿ ಅದಕ್ಕೊಂದು ಪಾಲಿದೆ.

ಈಗ ಆ ಡ್ರಾಯರ್ ವಿಷಯ

ಹಳೇ ಸೆಟ್ ಚಾರ್ಜ್ ಆದರೂ ಅದರಲ್ಲಿ ವಾಟ್ಸ್‌ಆ್ಯಪ್ ಬರಲ್ಲ. ನೋಕಿಯಾದ ಸಿಂಬಿಯನ್ ಫೋನುಗಳಿಗೆ 2017ರ ಜೂನ್‌ಗೆ, ಬ್ಲ್ಯಾಕ್‌ಬೆರಿಗೆ 2017ರ ಡಿಸೆಂಬರ್‌ಗೆ ಅದು ನಿಂತುಹೋಯ್ತು. ಬ್ಲ್ಯಾಕ್‌ಬೆರಿ ತನ್ನ ಹಳೇ ಫೋನುಗಳ ಸೇವೆಯನ್ನೇ 2022ರ ಜನವರಿ 4ರಂದು ನಿಲ್ಲಿಸಿದೆ. ಜಿಯೋ ಸಿಮ್ ಹಾಕಿ ಪ್ರಯೋಜನ ಇಲ್ಲ, ಜಿಯೋಗೆ 2ಜಿ ಇಲ್ಲ. ಆನ್‌ಲೈನ್‌ನಲ್ಲಿ ‘ಹೊಸ ಬ್ಲ್ಯಾಕ್‌ಬೆರಿ’ ಅಂತ ಕಂಡಿದ್ದಕ್ಕೆ ಆಸೆಪಟ್ಟು ದುಡ್ಡು ಹಾಕೋರು ಇದನ್ನ ನೆನಪಿಡಬೇಕು.

ಆದರೆ ಒಳಗಿರೋ ಫೋಟೋ, ನಂಬರ್ ತೆಗೀಬಹುದು. ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ನೋಡಿ. ಟೇಬಲ್ ಮೇಲಿಟ್ಟು ತಿರುಗಿಸಿದರೆ ಬುಗುರಿ ಥರ ತಿರುಗಿದರೆ ಅದು ಉಬ್ಬಿದೆ ಅಂತ ಅರ್ಥ. ಅದನ್ನ ಚಾರ್ಜ್‌ಗೆ ಹಾಕಬೇಡಿ, ಚುಚ್ಚಬೇಡಿ, ಬೇರೆ ಬ್ಯಾಟರಿ ಹಾಕಿಸಿ. ಇ63, ಇ71 ಎರಡಕ್ಕೂ ಬಿಪಿ-4ಎಲ್ ಬ್ಯಾಟರಿಯೇ ಆಗುತ್ತೆ. ಇ71ಗೆ ನೋಕಿಯಾ ಸಣ್ಣ ಪಿನ್ ಚಾರ್ಜರೇ ಬೇಕು, ಯುಎಸ್‌ಬಿ ವೈರ್‌ನಿಂದ ಚಾರ್ಜ್ ಆಗಲ್ಲ. ಕರ್ವ್ 8520ಕ್ಕೆ ಹಳೇ ಆ್ಯಂಡ್ರಾಯ್ಡ್ ಚಾರ್ಜರ್ ಸಾಕು.

ಫೋಟೋಗಳು ಮೆಮೊರಿ ಕಾರ್ಡ್‌ನಲ್ಲಿದ್ದರೆ ಫೋನ್ ಆನ್ ಆಗೋದೇ ಬೇಡ, ಕಾರ್ಡ್ ತೆಗೆದು ರೀಡರ್‌ಗೆ ಹಾಕಿದರೆ ಆಯ್ತು. ಫೋನಿನೊಳಗೇ ಇದ್ದರೆ ಬ್ಲೂಟೂತ್‌ನಲ್ಲಿ ಹೊಸ ಫೋನಿಗೆ ಕಳಿಸಬಹುದು, ನಂಬರ್‌ಗಳನ್ನೂ ಹಾಗೇ. ಸಿಮ್‌ಗೆ ಕಾಪಿ ಮಾಡೋಕೆ ಹೋದರೆ ಜಾಗ ಸಾಲಲ್ಲ, ಉದ್ದ ಹೆಸರು ತುಂಡಾಗುತ್ತೆ.

ಬ್ಲ್ಯಾಕ್‌ಬೆರಿಗೆ ಪಾಸ್‌ವರ್ಡ್ ಇದ್ದು ಮರೆತುಹೋಗಿದ್ದರೆ ಮಾತ್ರ ಹುಷಾರು. ಸುಮ್ಮನೆ ಒಂದಾದ ಮೇಲೊಂದು ಹಾಕಿ ನೋಡಬೇಡಿ. ಕೆಲವು ಸಲ ತಪ್ಪಿದ ಮೇಲೆ ‘ಬ್ಲ್ಯಾಕ್‌ಬೆರಿ’ ಅಂತ ಟೈಪ್ ಮಾಡೋಕೆ ಅದೇ ಕೇಳುತ್ತೆ. ಹತ್ತು ಸಲ ತಪ್ಪಿದರೆ ಒಳಗಿನದ್ದನ್ನೆಲ್ಲ ಅಳಿಸಿಹಾಕುತ್ತೆ. ಮಕ್ಕಳ ಕೈಗೆ ಆಟಕ್ಕೆ ಕೊಡೋ ಮೊದಲೇ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ.