ಉಗಿಬಂಡಿಯ ಊರು ಗ್ರೋಮಾಂಟ್

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿ, ಹೀದರ್ ಎಂಬ ಕುರುಚಲು ಗಿಡ ಹಬ್ಬಿದ ಎತ್ತರದ ಬಯಲುಗಳ ನಡುವಿನ ಕಣಿವೆಯಲ್ಲಿ, ಎಸ್ಕ್ ಮತ್ತು ಮರ್ಕ್ ಎಸ್ಕ್ ಹೊಳೆಗಳು ಕೂಡುವಲ್ಲಿ ಗ್ರೋಮಾಂಟ್ ಎಂಬ ಪುಟ್ಟ ಹಳ್ಳಿಯಿದೆ. ಸಾಮಾನ್ಯವಾಗಿ ಊರಿದ್ದಲ್ಲಿಗೆ ರೈಲು ಬರುತ್ತದೆ. ಇಲ್ಲಿ ರೈಲು ಬಂದಮೇಲೆ ಊರು ಬೆಳೆಯಿತು. ಕಡಲತೀರದ ವಿಟ್ಬಿಯನ್ನು ಒಳನಾಡಿನ ಪಿಕರಿಂಗ್ ಪೇಟೆಗೆ ಜೋಡಿಸಲು ಜಾರ್ಜ್ ಸ್ಟೀಫನ್‌ಸನ್ ರೂಪಿಸಿದ ಹಳಿ 1836ರಲ್ಲಿ ಪೂರ್ಣಗೊಂಡಿತು. ಅದಕ್ಕಾಗಿ ನೆಲ ಅಗೆದಾಗ ಕಂಡ ಕಬ್ಬಿಣದ ಅದಿರೇ ಮುಂದೆ ಗಣಿಗಳನ್ನೂ ಕುಲುಮೆಗಳನ್ನೂ ಕಾರ್ಮಿಕರ ಮನೆಸಾಲುಗಳನ್ನೂ ಇಲ್ಲಿಗೆ ತಂದಿತು.

ಉಗಿ ಇಂಜಿನ್ನಿನ ಪ್ರವರ್ತಕರಲ್ಲಿ ಅಗ್ರಗಣ್ಯನಾದ ಸ್ಟೀಫನ್‌ಸನ್‌ನದೇ ಆದರೂ ಈ ಹಳಿಯ ಮೇಲೆ ಮೊದಲು ಓಡಿದ್ದು ಕುದುರೆ ಎಳೆಯುವ ಗಾಡಿಗಳು. ಅವಕ್ಕೆಂದು ಕೊರೆದ ಕಿರಿದಾದ ಸುರಂಗ ಇಂದಿಗೂ ಉಳಿದಿದ್ದು, ಇಂಜಿನ್ ಶೆಡ್ ನೋಡಲು ಬರುವವರಿಗೆ ಅದೇ ಕಾಲುದಾರಿಯಾಗಿದೆ. ಗೋಥ್‌ಲ್ಯಾಂಡ್ ಹಳ್ಳಿಯತ್ತ ಏರುವ ಕಡಿದಾದ ಇಳಿಜಾರಿನಲ್ಲಿ ಗಾಡಿಗಳನ್ನು ಹಗ್ಗದಿಂದ ಎಳೆಯಬೇಕಾಗಿತ್ತು. 1865ರಲ್ಲಿ ಹೊಸ ಬಳಸುದಾರಿ ತೆರೆದಮೇಲೆ ಆ ತೊಡಕು ನೀಗಿತಾದರೂ, ಈ ದಾರಿಯೂ 49 ಅಡಿಗೆ ಒಂದು ಅಡಿಯಂತೆ ಏರುವುದರಿಂದ ರೈಲಿನ ಮಟ್ಟಿಗೆ ಅದು ಬೆಟ್ಟವೇ ಸರಿ.

1891ರಲ್ಲಿ ಕುಲುಮೆಗಳು ಆರಿದವು, 1965ರಲ್ಲಿ ಸರಕಾರಿ ರೈಲ್ವೆಯು ಪಿಕರಿಂಗ್ ದಾರಿಯನ್ನು ಮುಚ್ಚಿತು. ಎರಡು ವರ್ಷಗಳಲ್ಲಿ ಆಸಕ್ತರು ಸಂರಕ್ಷಣಾ ಸಂಘವೊಂದನ್ನು ಕಟ್ಟಿದರು. 1973ರಲ್ಲಿ ಸುಮಾರು 29 ಕಿಲೋಮೀಟರ್ ಉದ್ದದ ಈ ಹಳಿ ‘ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆ’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಹ್ಯಾರಿ ಪಾಟರ್ ಮೊದಲ ಚಿತ್ರದ ಹಾಗ್ಸ್‌ಮೀಡ್ ನಿಲ್ದಾಣವಾಗಿ ಕಾಣಿಸಿಕೊಂಡ ಗೋಥ್‌ಲ್ಯಾಂಡ್‌ಗೆ ಪ್ರವಾಸಿಗರು ಮುಗಿಬೀಳುತ್ತಾರೆ. ಆದರೆ ಈ ಸಂಸ್ಥೆಯ ಜೀವಾಳವಿರುವುದು ಗ್ರೋಮಾಂಟ್‌ನ ಮಸಿ ಹಿಡಿದ ಶೆಡ್ಡಿನಲ್ಲಿ.

ಅಲ್ಲಿ ಉಳಿದುಬಂದಿರುವುದು ಯಂತ್ರಗಳಷ್ಟೇ ಅಲ್ಲ, ಅವುಗಳನ್ನು ನಡೆಸುವ ಕೈಚಳಕ. ತಣ್ಣಗಿರುವ ಬಾಯ್ಲರಿಗೆ ಒಮ್ಮೆಲೇ ಉರಿ ಕೊಟ್ಟರೆ ಲೋಹದ ತಗಡುಗಳು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕೀಲುಗಳು ಸೋರತೊಡಗುವುದರಿಂದ, ಮೊದಲ ರೈಲಿಗೆ ಹಲವು ಗಂಟೆ ಮುಂಚೆಯೇ ಬೆಂಕಿ ಹಚ್ಚಿ, ಅದನ್ನು ಸಾವಕಾಶವಾಗಿ ಬೆಳೆಸಬೇಕು. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಹೊಗೆಗೊಳವೆಯ ಮೂಲಕ ಹೊರಗಟ್ಟಿದಾಗ ಅದು ಒಲೆಯೊಳಕ್ಕೆ ಗಾಳಿಯನ್ನು ಸೆಳೆಯುತ್ತದೆ. ಹೀಗಾಗಿ ಇಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಪ್ರಜ್ವಲಿಸುತ್ತದೆ. ಈ ಸೆಳೆತವನ್ನು ಅರಿತ ಫೈರ್‌ಮನ್, ಎಂದರೆ ಕಲ್ಲಿದ್ದಲು ಹಾಕಿ ನೀರಿನ ಮಟ್ಟ ಕಾಯುವವನು, ಗ್ರೋಮಾಂಟ್ ಬಿಡುವ ಮೊದಲೇ ಏರಿಗೆ ಬೇಕಾದ ಉರಿಯನ್ನು ಹದಗೊಳಿಸಿಟ್ಟಿರುತ್ತಾನೆ. ಏರಿನ ನಡುವೆ ಒತ್ತಡ ಕುಸಿದರೆ ಅದನ್ನು ಸರಿಪಡಿಸುವುದು ಬಲು ಕಷ್ಟ. ಪುಸ್ತಕ ಓದಿ ಕಲಿಯುವ ವಿದ್ಯೆ ಇದಲ್ಲ. ಸ್ವಯಂಸೇವಕರು ಇಂಜಿನ್ ಒರೆಸುವ ಕೆಲಸದಿಂದ ಆರಂಭಿಸಿ, ಅನುಭವಿಗಳ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಇದನ್ನು ರೂಢಿಸಿಕೊಳ್ಳುತ್ತಾರೆ.

ಬಾಯ್ಲರುಗಳನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ಕೊಳವೆಗಳನ್ನು ಹೊರತೆಗೆದು ಪರೀಕ್ಷಿಸಬೇಕಾಗುತ್ತದೆ. ಇಂಥ ಇಂಜಿನ್ನುಗಳನ್ನು ಮಾಡಿದ ಹಳೆಯ ಕಾರ್ಖಾನೆಗಳು ಈಗಿಲ್ಲವಾದ್ದರಿಂದ ಎಷ್ಟೋ ಬಿಡಿಭಾಗಗಳನ್ನು ಹೊಸದಾಗಿಯೇ ಮಾಡಿಸಬೇಕು, ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ. ಇದಕ್ಕಿಂತ ದೊಡ್ಡ ಚಿಂತೆ ಇಂಧನದ್ದು: ಒಂದು ಕಾಲಕ್ಕೆ ಕಲ್ಲಿದ್ದಲಿಗೇ ಹೆಸರಾಗಿದ್ದ ಯಾರ್ಕ್‌ಷೈರ್‌ನ ಕೊನೆಯ ಆಳದ ಗಣಿಯಾದ ಕೆಲಿಂಗ್ಲಿ 2015ರಲ್ಲಿ ಮುಚ್ಚಿತು, ಬ್ರಿಟನ್ನಿನ ಪಾರಂಪರಿಕ ರೈಲುಗಳು ಈಗ ವಿದೇಶದಿಂದ ಬರುವ ಕಲ್ಲಿದ್ದಲನ್ನು ಆಶ್ರಯಿಸಿವೆ.