ಎಚ್‌ಐವಿ ಮಾತ್ರೆ: ಚೀಟಿಯ ಜೊತೆ ತೂಕವನ್ನೂ ನೋಡಿ

ಮುಂಡರಗಿ ಕಡೆಯ ಕೂಲಿ ಹೆಣ್ಣುಮಗಳೊಬ್ಬಳ ಲೆಕ್ಕ ಹಿಡಿಯೋಣ. ವಯಸ್ಸು 55, ತೂಕ 42 ಕಿಲೊ, ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ 1.1. ಲ್ಯಾಬ್ ಚೀಟಿ ನೋಡಿದವರು ‘ನಾರ್ಮಲ್ ಐತ್ರಿ’ ಎಂದುಬಿಡುತ್ತಾರೆ. ಆದರೆ 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಣ್ಣುಮಕ್ಕಳ ಲೆಕ್ಕಕ್ಕೆ 0.85ರಿಂದ ಗುಣಿಸಿದರೆ ಕಿಡ್ನಿಯ ಸೋಸುವ ಶಕ್ತಿ ಉಳಿಯುವುದು ಬರೀ 38. ಇದು 50ಕ್ಕಿಂತ ಕೆಳಗಿದ್ದರೆ ಎಚ್‌ಐವಿ ಔಷಧಿ ಟೆನೊಫೋವಿರ್ ಬರೆಯುವ ಮುನ್ನ ವೈದ್ಯರು ಕೈ ತಡೆಯಬೇಕು. ಮೈಯಲ್ಲಿ ಮಾಂಸವಿಲ್ಲದ ಬಡವರಲ್ಲಿ ಕ್ರಿಯಾಟಿನಿನ್ ಅಷ್ಟಾಗಿ ಏರುವುದಿಲ್ಲ. ಸೋತ ಕಿಡ್ನಿಯೂ ಚೀಟಿಯಲ್ಲಿ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ತೂಕದ ಯಂತ್ರವೂ ಔಷಧಿಯಷ್ಟೇ ಮುಖ್ಯ.

ಸರ್ಕಾರ 2004ರ ಏಪ್ರಿಲ್ 1ರಿಂದ ಎಚ್‌ಐವಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಬೆಟಗೇರಿಯ ನೇಕಾರರಿರಲಿ, ಶಿರಹಟ್ಟಿಯ ರೈತರಿರಲಿ, ಇಂದು ಹೆಚ್ಚಿನವರ ಕೈಗೆ ಬರುವುದು ದಿನಕ್ಕೊಂದು ಟಿಎಲ್‌ಡಿ ಮಾತ್ರೆ: ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದರಲ್ಲೇ. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ ಕಿಡ್ನಿಗೆ ಏನೂ ಆಗದೆಯೇ ಕ್ರಿಯಾಟಿನಿನ್ ತುಸು ಏರುತ್ತದೆ. ಅದಕ್ಕೆ ಹೆದರಿ ಮಾತ್ರೆ ಬಿಡಬಾರದು. ಕಿಡ್ನಿ ನಿಜವಾಗಿಯೂ ಸೋತಿದ್ದರೆ ಟೆನೊಫೋವಿರ್ ಬದಲು ಅಬಾಕವಿರ್ ಕೊಡುವುದುಂಟು. ಅದು ಕರಗುವುದು ಲಿವರಿನಲ್ಲಿ. ಲಿವರ್ ತೀರಾ ಕೆಟ್ಟವರಿಗೆ ಅದೂ ಒಗ್ಗದು.

ನನ್ನನ್ನು ಹೆಚ್ಚು ಕಾಡುವ ಚಿಂತೆ ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನದು. ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ಎಚ್‌ಐವಿಯ ಜೊತೆಗೆ ಆ ವೈರಸ್ಸನ್ನೂ ಅದುಮಿ ಹಿಡಿದಿರುತ್ತವೆ. ಎರಡೂ ಸೋಂಕು ಇರುವವರು ಲಕ್ಷ್ಮೇಶ್ವರದ ಸಂತೆಯಲ್ಲಿ ಯಾರೋ ಹೇಳಿದರೆಂದು ಕಾಮಾಲೆಗೆ ನಾಟಿ ಔಷಧ ಹಿಡಿದು ಮಾತ್ರೆ ನಿಲ್ಲಿಸಿದರೆ, ಅಡಗಿದ್ದ ವೈರಸ್ ಮೇಲೆದ್ದು ಲಿವರನ್ನೇ ಕೆಡಿಸಬಹುದು. ಇಂಥವರ ಕಿಡ್ನಿ ಸೋತಾಗಲೂ ಟೆನೊಫೋವಿರ್ ಸುಮ್ಮನೆ ಕಿತ್ತುಹಾಕುವಂತಿಲ್ಲ. ಪ್ರಮಾಣ ತಗ್ಗಿಸಬೇಕು, ಇಲ್ಲವೇ ಹೆಪಟೈಟಿಸ್ ಬಿಗೆ ಬೇರೆ ಔಷಧಿ ಜೋಡಿಸಬೇಕು. ಹಾಗಾಗಿ ಚಿಕಿತ್ಸೆ ಆರಂಭಿಸುವಾಗಲೇ ಹೆಪಟೈಟಿಸ್ ಬಿ ಪರೀಕ್ಷೆ ಆಗಿರಬೇಕು.

ಇನ್ನು ನೋವಿನ ಸೂಜಿ. ದಿನವಿಡೀ ಬಗ್ಗಿ ದುಡಿದವರು ಸಂಜೆ ಮೈಕೈ ನೋವಿಗೆ ಡೈಕ್ಲೋಫೆನಾಕ್ ಸೂಜಿ ಮಾಡಿಸಿಕೊಳ್ಳುತ್ತಾರೆ. ಟೆನೊಫೋವಿರ್ ನುಂಗುವವರ ಕಿಡ್ನಿಗೆ ಇದು ದೊಡ್ಡ ಪೆಟ್ಟು. ಊರ ಡಾಕ್ಟರಿಗೆ ಕಾಯಿಲೆಯ ಹೆಸರು ಹೇಳಲು ಅಂಜಿಕೆ ಇರುತ್ತದೆ, ಅದು ಅರ್ಥವಾಗುವ ಮಾತೇ. 2017ರ ಎಚ್‌ಐವಿ ಕಾಯ್ದೆ ನಿಮ್ಮ ಗುಟ್ಟನ್ನು ಕಾಯುತ್ತದೆ. ಆದರೂ ಬಾಯಿ ಬರದಿದ್ದರೆ ಇಷ್ಟಾದರೂ ಹೇಳಿ: ‘ನನಗ ಕಿಡ್ನಿ ತ್ರಾಸ ಐತ್ರಿ, ನೋವಿನ ಸೂಜಿ ಬ್ಯಾಡ್ರಿ.’ ಮುಂದಿನ ಸಲ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋದಾಗ ತೂಕ ಮಾಡಿಸಿ, ಹೊರಗೆ ತೆಗೆದುಕೊಂಡ ಎಲ್ಲ ಮಾತ್ರೆಗಳ ಚೀಟಿ ತೋರಿಸಿ. ಅನುಮಾನವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.