ತಿಂಗಳಿಗೆ ಹನ್ನೆರಡು ಎಕರೆ ಕೊಲೆ

ಅಗಲ 19 ಸೆಂಟಿಮೀಟರ್, ಎತ್ತರ 26. ಶಾಲೆಯ ನೋಟ್‌ಬುಕ್ಕನ್ನು ಸ್ವಲ್ಪ ಹಿಗ್ಗಿಸಿದರೆ ಎಷ್ಟೋ ಅಷ್ಟು. ಅಮೆರಿಕದ ಹಳೆಯ ಕ್ರೈಮ್ ಕಾಮಿಕ್ಸಿನ ಮುಖಪುಟಕ್ಕೆ ಇದ್ದ ಜಾಗ ಇಷ್ಟೇ. ಇಷ್ಟರೊಳಗೇ ಒಬ್ಬ ಗುಂಡು ಹಾರಿಸಬೇಕು, ಇನ್ನೊಬ್ಬ ಕುಸಿಯಬೇಕು, ಮೂಲೆಯಲ್ಲಿ ಒಬ್ಬಳು ಚೀರಬೇಕು, ಹಿಂದಿನ ಬಾಗಿಲಿನಿಂದ ಪೊಲೀಸರು ನುಗ್ಗಬೇಕು. ಇವರೆಲ್ಲರ ತಲೆಯ ಮೇಲೆ ಪತ್ರಿಕೆಯ ಹೆಸರೂ ಹಿಡಿಸಬೇಕು. ಹಿಡಿಸಿದರು!

1942ರಲ್ಲಿ ಹೊರಬಂದ ‘ಕ್ರೈಮ್ ಡಸ್ ನಾಟ್ ಪೇ’ ಈ ಕುಲದ ಮೂಲಪುರುಷ. ಪ್ರಕಾಶಕ ಲೆವ್ ಗ್ಲೀಸನ್. ಸಂಪಾದಕರು ಚಾರ್ಲ್ಸ್ ಬೀರೋ ಮತ್ತು ಬಾಬ್ ವುಡ್. ಅದರ ಮೊದಲ ಸಂಚಿಕೆಯ ಸಂಖ್ಯೆಯೇ 22! ‘ಸಿಲ್ವರ್ ಸ್ಟ್ರೀಕ್’ ಎಂಬ ಹಳೆಯ ಪತ್ರಿಕೆಯ ಎಣಿಕೆಯನ್ನೇ ಮುಂದುವರಿಸಿ, 1955ರಲ್ಲಿ 147ಕ್ಕೆ ಬಂದು ನಿಂತಿತು. ಅಂದರೆ 13 ವರ್ಷಗಳಲ್ಲಿ 126 ಮುಖಪುಟ. ಮೊದಮೊದಲ ವರ್ಷಗಳಲ್ಲಿ ಅವನ್ನು ಬರೆದ ಕೈ ಹೆಚ್ಚಾಗಿ ಬೀರೋನದೇ. ಹೆಸರಿನಲ್ಲಿ ನಾಲ್ಕು ಪದಗಳು, ‘ಅಪರಾಧದಿಂದ ಲಾಭವಿಲ್ಲ’ ಎಂಬ ಬುದ್ಧಿಮಾತು. ಆದರೆ ‘ಕ್ರೈಮ್’ ಎಂಬ ಒಂದೇ ಪದ ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಚಾಚಿಕೊಂಡಿತ್ತು. ಬುದ್ಧಿ ಹೇಳುವ ಮೂರು ಪದಗಳು ಅದರ ಕಾಲಬುಡದಲ್ಲಿ ಪುಟ್ಟದಾಗಿ ಮುದುಡಿದ್ದವು.

ಈಗ ಗುಣಾಕಾರಕ್ಕೆ ಬನ್ನಿ. 1940ರ ದಶಕದ ಕೊನೆಯ ಹೊತ್ತಿಗೆ ಈ ಪತ್ರಿಕೆ ತಿಂಗಳಿಗೆ 10 ಲಕ್ಷ ಪ್ರತಿ ಖರ್ಚಾಗುತ್ತಿತ್ತು. ಅಷ್ಟೂ ಮುಖಪುಟಗಳನ್ನು ನೆಲಕ್ಕೆ ಹಾಸಿದರೆ 12 ಎಕರೆ ತುಂಬುತ್ತದೆ. ಪ್ರತಿ ತಿಂಗಳೂ 12 ಎಕರೆ ಕೊಲೆ, ಸುಲಿಗೆ, ಪಿಸ್ತೂಲಿನ ಹೊಗೆ! ಹೀಗೇ ಹಾಸುತ್ತ ಹೋದರೆ 20 ತಿಂಗಳಲ್ಲಿ ನಮ್ಮ 240 ಎಕರೆಯ ಲಾಲ್‌ಬಾಗ್ ಪೂರ್ತಿ ಮುಚ್ಚಿಹೋಗುತ್ತಿತ್ತು, ಕೆರೆಯೂ ಬಂಡೆಯೂ ಸೇರಿ. ಒಂದು ಪ್ರತಿಗೆ 100 ಗ್ರಾಂ ಎಂದು ಹಿಡಿಯಿರಿ, ತಿಂಗಳಿಗೆ 100 ಟನ್ ಕಾಗದ: ಅಂಬಾರಿ ಹೊರುವಂಥ 20 ಗಂಡಾನೆಗಳ ತೂಕ. ಬೆಲೆ ಹತ್ತು ಸೆಂಟು, ಅಂದರೆ ಒಂದು ಡೈಮ್ ನಾಣ್ಯ. ಓದುಗರು ಕೊಟ್ಟ 10 ಲಕ್ಷ ಡೈಮ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ 1,350 ಮೀಟರ್ ಎತ್ತರದ ಬೆಳ್ಳಿ ಕಂಬ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೂರೂವರೆ ಪಟ್ಟು!

ಕೊಂಡವರು 10 ಲಕ್ಷ, ಸರಿ. ಓದಿದವರು? ಒಂದೊಂದು ಪ್ರತಿಯೂ ಕೈಯಿಂದ ಕೈಗೆ ದಾಟುತ್ತಿತ್ತು. ತಿಂಗಳಿಗೆ 60 ಲಕ್ಷ ಓದುಗರು ಎಂದು ಪತ್ರಿಕೆ ತನ್ನ ಮುಖಪುಟದಲ್ಲೇ ಸಾರಿಕೊಂಡಿತು. ಆಗಿನ ಅಮೆರಿಕದ ಜನಸಂಖ್ಯೆ 15 ಕೋಟಿ, ಅಂದರೆ 25 ಜನರಲ್ಲಿ ಒಬ್ಬರು. 1951ರ ಜನಗಣತಿಯಲ್ಲಿ ಇಡೀ ಮೈಸೂರು ರಾಜ್ಯದಲ್ಲಿದ್ದವರೇ 90 ಲಕ್ಷ. ಒಂದು ರಾಜ್ಯದ ಮೂರರಲ್ಲಿ ಎರಡು ಪಾಲು ಜನ ಒಂದೇ ಕೊಲೆಗಾರನ ಮುಖ ನೋಡುತ್ತಿರುವುದನ್ನು ಕಲ್ಪಿಸಿಕೊಳ್ಳಿ.

ಉದ್ದಕ್ಕೆ ಜೋಡಿಸುವುದಾದರೆ? ಒಂದು ತಿಂಗಳ ಪ್ರತಿಗಳು 260 ಕಿಲೋಮೀಟರ್, ಬೆಂಗಳೂರಿನಿಂದ ದಾವಣಗೆರೆ. ಒಂದು ವರ್ಷದ್ದು 3,120 ಕಿಲೋಮೀಟರ್, ಹೆಚ್ಚು ಕಡಿಮೆ ಕಾಶ್ಮೀರದಿಂದ ಕನ್ಯಾಕುಮಾರಿ. ಇದಿನ್ನೂ ಒಂದೇ ಪತ್ರಿಕೆ! 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎಲ್ಲ ಬಗೆಯ ಕಾಮಿಕ್ಸ್ ಸೇರಿ ತಿಂಗಳಿಗೆ ಸುಮಾರು 8 ಕೋಟಿ ಪ್ರತಿಗಳು ಮಾರಾಟವಾಗುತ್ತಿದ್ದವು. ತೊಟ್ಟಿಲ ಕೂಸನ್ನೂ ಸೇರಿಸಿ ತಲೆಗೆ ವರ್ಷಕ್ಕೆ ಆರು. ಆ ಸಾಲು ಎರಡೇ ತಿಂಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ಆಕಾಶಕ್ಕೆ ತಿರುಗಿಸಿದರೆ 19 ತಿಂಗಳಲ್ಲಿ ಚಂದ್ರ! ಮನುಷ್ಯ ಅಲ್ಲಿ ಕಾಲಿಡಲು ಇನ್ನೂ ಒಂದೂವರೆ ದಶಕ ಬೇಕಿತ್ತು.

ಇಷ್ಟು ಕೋಟಿಗಳ ನಡುವೆ ಒಂದೇ ಒಂದು ಹಾಳೆ ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ಬಂತು. ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’ನ 22ನೇ ಸಂಚಿಕೆ; ಚಿತ್ರಕಾರ ಜಾನಿ ಕ್ರೇಗ್. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಕೂದಲು ಹಿಡಿದೆತ್ತಿದ ಹೆಂಗಸಿನ ರುಂಡ. 1954ರ ಏಪ್ರಿಲ್ 21ರಂದು ಸೆನೆಟರ್ ಎಸ್ಟೆಸ್ ಕೆಫಾವರ್ ಅದನ್ನು ಹಿಡಿದು, ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಕಾಮಿಕ್ಸಿಗೆ ಹೌದು ಎಂದರು ಪ್ರಕಾಶಕ ವಿಲಿಯಂ ಗೇನ್ಸ್. ರುಂಡವನ್ನು ಇನ್ನೊಂದಿಷ್ಟು ಮೇಲೆತ್ತಿ ನೆತ್ತರು ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಮಾತ್ರ ಕೀಳಭಿರುಚಿ ಎನ್ನಬಹುದಿತ್ತು ಎಂಬುದು ಅವರ ವಾದ. ಬೆರಳೆರಡರ ಅಂತರದ ಮೇಲೆ ಒಂದು ಉದ್ಯಮದ ಹಣೆಬರಹ! ಮರುದಿನ ಅದು ‘ನ್ಯೂಯಾರ್ಕ್ ಟೈಮ್ಸ್’ನ ಮುಖಪುಟದ ಸುದ್ದಿ. ಅದೇ ವರ್ಷ ಪ್ರಕಾಶಕರು ತಾವೇ ಒಪ್ಪಿಕೊಂಡ ನಿಯಮಾವಳಿಯಲ್ಲಿ ಅಕ್ಷರದ ಅಳತೆಗೂ ಜಾಗ ಸಿಕ್ಕಿತು: ‘ಕ್ರೈಮ್’ ಎಂಬ ಪದ ಶೀರ್ಷಿಕೆಯ ಉಳಿದ ಪದಗಳಿಗಿಂತ ಎದ್ದು ಕಾಣುವಷ್ಟು ದೊಡ್ಡದಿರಬಾರದು, ಮುಖಪುಟದಲ್ಲಿ ಅದೊಂದೇ ಇರಲೇಬಾರದು. ಐದು ಇಂಗ್ಲಿಷ್ ಅಕ್ಷರಗಳ ಗಾತ್ರಕ್ಕೆ ಒಂದು ಕಟ್ಟಳೆ!

ಆ ರುಂಡದ ಸಂಚಿಕೆಯ ಅಂದಿನ ಬೆಲೆಯೂ ಹತ್ತೇ ಸೆಂಟು. ಮಾಸದೆ ಉಳಿದ ಪ್ರತಿಗೆ ಸಂಗ್ರಾಹಕರು ಇಂದು ಸಾವಿರಾರು ಡಾಲರ್ ಎಣಿಸುತ್ತಾರೆ. ಬರೀ ಒಂದು ಸಾವಿರ ಎಂದು ಹಿಡಿದರೂ 10,000 ಪಟ್ಟು. 1954ರಲ್ಲಿ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಇತ್ತು. ಚಿನ್ನವೂ ಇದೇ ವೇಗದಲ್ಲಿ ಏರಿದ್ದರೆ ಇಂದು ಒಂದು ಔನ್ಸಿಗೆ ಮೂರೂವರೆ ಲಕ್ಷ ಡಾಲರ್ ಕೊಡಬೇಕಾಗುತ್ತಿತ್ತು!